ಗೊತ್ತಿದ್ದೂ ಸುಮ್ಮನಿದ್ದವನು

ಚಿಂತಾಮಣಿಯ ಒಂದು ಗುಜರಿ ಅಂಗಡಿಯಲ್ಲಿ ಎರಡು ವರ್ಷದ ಹಿಂದೆ ನಾನು ಒಂದು ಹಳೆಯ ಪೈಪು ಕೊಂಡೆ. ನೀರಿನ ಪೈಪಲ್ಲ, ತಂಬಾಕು ಸೇದುವ ಪೈಪು. ಅಂಗಡಿಯವರು 300 ರೂಪಾಯಿ ಹೇಳಿದರು. ನಾನು ಚೌಕಾಸಿ ಮಾಡಿ 200ಕ್ಕೆ ಇಳಿಸಿದೆ. ಹಳೆಯ ಇಂಗ್ಲಿಷ್ ಪೈಪುಗಳನ್ನು ಬಲ್ಲವರ ನಡುವೆ ಅದಕ್ಕೆ 15,000 ರೂಪಾಯಿಯಾದರೂ ಸಿಗುತ್ತದೆ. ಇದು ಆಗ ಅಂಗಡಿಯಲ್ಲಿದ್ದ ಇಬ್ಬರಲ್ಲಿ ಒಬ್ಬನಿಗೆ ಮಾತ್ರ ಗೊತ್ತಿತ್ತು.

ಹಾಸ್ಟೆಲಿಗೆ ಬಂದು ಗೆಳೆಯರಿಗೆ ತೋರಿಸಿದಾಗ 'ಲಾಟರಿ ಹೊಡೀತಲ್ಲೋ' ಎಂದರು. ನನಗೂ ಹಾಗೆಯೇ ಅನ್ನಿಸಿತ್ತು. ಹಳೆಯ ವಸ್ತು ಸಂಗ್ರಹಿಸುವ ಹುಚ್ಚು ಹಿಡಿದವರು ಇಬ್ಬರು ಸೇರಿದರೆ ಮಾತಾಡುವುದು ಇಂಥ ಕತೆಗಳನ್ನೇ. ಯಾವ ಸಂತೆಯಲ್ಲಿ, ಯಾವ ಮೂಲೆಯಲ್ಲಿ, ಯಾರ ಕಣ್ಣಿಗೂ ಬೀಳದೆ ಬಿದ್ದಿದ್ದದ್ದು ನನ್ನ ಕಣ್ಣಿಗೆ ಹೇಗೆ ಬಿತ್ತು, ಎಷ್ಟು ಕಡಿಮೆಗೆ ಸಿಕ್ಕಿತು. ಕೊಟ್ಟ ಬೆಲೆ ಕಡಿಮೆಯಾದಷ್ಟೂ ಕತೆಗೆ ರುಚಿ ಹೆಚ್ಚು. ಆ ಕತೆಯನ್ನು ನಾನು ನಾಲ್ಕೈದು ಕಡೆ ಹೇಳಿದೆ. ಐದನೆಯ ಸಲ ಹೇಳಿದ್ದು ಊರಲ್ಲಿ, ಅಪ್ಪನ ಎದುರಿಗೆ. ಆ ಮೇಲೆ ಅದನ್ನು ಹಾಗೆ ಹೇಳಲು ಆಗಲಿಲ್ಲ.

ಮೊದಲು ಪೈಪಿನ ವಿಷಯ. ನಾನು ಸೇದುವುದಿಲ್ಲ. ನಮ್ಮ ತಾತ ಬೀಡಿ ಸೇದಿ ಸೇದಿ ಕೊನೆಗೆ ಉಸಿರಿಗೆ ಪರದಾಡಿ ಹೋದವರು. ಹೊಗೆಯ ಮೇಲೆ ನನಗೆ ಯಾವ ಮೋಹವೂ ಇಲ್ಲ. ಹಳೆಯ ಮೈಸೂರು ಸಂಸ್ಥಾನದಲ್ಲಿದ್ದ ಇಂಗ್ಲಿಷರ ಕ್ಲಬ್ಬು, ಬಂಗಲೆಗಳ ದಿನನಿತ್ಯದ ಬದುಕು ನನ್ನ ಪಿಎಚ್‌.ಡಿ. ವಿಷಯ. ನಂದಿಬೆಟ್ಟದ ಮೇಲೆ ಕಮಿಷನರ್ ಮಾರ್ಕ್ ಕಬ್ಬನ್ ಬೇಸಿಗೆಗೆ ಬಂದಿರುತ್ತಿದ್ದ ಮನೆಯಿಂದ ಹಿಡಿದು, 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂದ ಮೇಲೆ ಕೋಲಾರದ ಚಿನ್ನದ ಗಣಿಯ ಸುತ್ತ ಎದ್ದ ಬಂಗಲೆಗಳವರೆಗೆ ಅದರ ಹರವು. ಕಡತ ಓದಿ ಕಣ್ಣು ಸೋತಾಗ ಬೆಂಗಳೂರಿನ ಸಂಡೇ ಬಜಾರಿನಲ್ಲಿ ಸುತ್ತುವುದು ರೂಢಿಯಾಯಿತು. ಅಲ್ಲಿಯೇ ಮೊದಲ ಪೈಪು ಸಿಕ್ಕಿದ್ದು. ಕಡತದಲ್ಲಿ ಬರೀ ಹೆಸರಾಗಿದ್ದ ಒಂದು ವಸ್ತು ಕೈಗೆ ಬಂದು ಕೂತಾಗ ಆದ ಸಂತೋಷಕ್ಕೆ ಇನ್ನೊಂದು, ಮತ್ತೊಂದು ಎಂದು ಕೊಳ್ಳತೊಡಗಿದೆ. ಈಗ ಏಳಿವೆ. 'ಯಾರ್ದೋ ಬಾಯಿ ಎಂಜಲು' ಎಂದು ಅಮ್ಮ ಅವನ್ನು ಮನೆಯೊಳಗೆ ತರಲು ಬಿಡುವುದಿಲ್ಲ. ಹಾಗಾಗಿ ಎಲ್ಲವೂ ಹಾಸ್ಟೆಲಿನ ಟ್ರಂಕಿನಲ್ಲಿವೆ.

ಇಂಗ್ಲಿಷ್ ಪೈಪುಗಳಲ್ಲಿ ಒಳ್ಳೆಯವು ಬ್ರಯರ್ ಮರದವು. ಅದು ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಒಣ ಗುಡ್ಡಗಳಲ್ಲಿ ಬೆಳೆಯುವ ಪೊದೆ. ಸಸ್ಯಶಾಸ್ತ್ರದಲ್ಲಿ ಎರಿಕಾ ಆರ್ಬೋರಿಯಾ ಎನ್ನುತ್ತಾರೆ. ಕಾಂಡವೂ ಬೇರೂ ಸೇರುವಲ್ಲಿ, ಮಣ್ಣಿನೊಳಗೆ, ಅದಕ್ಕೊಂದು ಗಂಟು ಬೆಳೆಯುತ್ತದೆ. ಮೇಲಿನ ಗಿಡವೆಲ್ಲ ಕಾಡ್ಗಿಚ್ಚಿಗೆ ಸುಟ್ಟುಹೋದರೂ ಆ ಗಂಟು ಉಳಿದು ಮತ್ತೆ ಚಿಗುರುತ್ತದೆ. ಬೆಂಕಿಗೆ ಜಗ್ಗದ ಆ ಗುಣವೇ ಅದನ್ನು ಪೈಪಿಗೆ ತಕ್ಕ ಮರವಾಗಿಸಿದ್ದು. ಗಂಟನ್ನು ಅಗೆದು ತುಂಡು ಮಾಡಿ, ಗಂಟೆಗಟ್ಟಲೆ ಕುದಿಸಿ ರಸ ತೆಗೆದು, ತಿಂಗಳುಗಟ್ಟಲೆ ಒಣಗಿಸಿ, ಆಮೇಲೆ ಕೊರೆಯುತ್ತಾರೆ. 19ನೆಯ ಶತಮಾನದ ನಡುವಿನಲ್ಲಿ ಫ್ರಾನ್ಸಿನ ಸೇಂಟ್ ಕ್ಲೋಡ್ ಪಟ್ಟಣದಲ್ಲಿ ಈ ಕೆಲಸ ಬೆಳೆಯಿತು. ಲಂಡನ್ನಿನಲ್ಲಿ ಬಾರ್ಲಿಂಗ್, ಚಾರಟನ್, ಕೊಮಾಯ್, ಆಮೇಲೆ ಡನ್‌ಹಿಲ್ ಹೆಸರು ಮಾಡಿದವು.

ಬಾರ್ಲಿಂಗ್ ಮನೆತನದವರು ಮೂಲದಲ್ಲಿ ಬೆಳ್ಳಿ ಕೆಲಸದವರು. ತಮ್ಮ ಸಂಸ್ಥೆ 1812ರದ್ದು ಎಂದು ಹೇಳಿಕೊಳ್ಳುತ್ತಿದ್ದರು. ಪೈಪಿನ ಕತ್ತಿಗೆ ಬೆಳ್ಳಿಯ ಪಟ್ಟಿ ತೊಡಿಸಿದರೆ ಅದರ ಮೇಲೆ ಕಾನೂನಿನ ಪ್ರಕಾರ ಮುದ್ರೆಗಳು ಬೀಳಬೇಕು. ನಮ್ಮ ಚಿನ್ನದ ಅಂಗಡಿಗಳಲ್ಲಿ ಹಾಲ್‌ಮಾರ್ಕ್ ಎನ್ನುತ್ತಾರಲ್ಲ, ಆ ಪದ ಬಂದದ್ದೇ ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಹಾಲ್ ಎಂಬ ಕಟ್ಟಡದಿಂದ. ನಡೆಯುತ್ತಿರುವ ಸಿಂಹವಿದ್ದರೆ ಅಪ್ಪಟ ಬೆಳ್ಳಿ. ಚಿರತೆಯ ಮುಖವಿದ್ದರೆ ಲಂಡನ್, ಲಂಗರಿದ್ದರೆ ಬರ್ಮಿಂಗ್‌ಹ್ಯಾಮ್. ಪಕ್ಕದ ಒಂದು ಅಕ್ಷರ ವರ್ಷವನ್ನು ಹೇಳುತ್ತದೆ. ಇನ್ನೊಂದು ಮುದ್ರೆ ಮಾಡಿದವರದ್ದು. ಇವನ್ನು ಓದಲು ಕಲಿತವನಿಗೆ ಎರಡು ಮಿಲಿಮೀಟರಿನ ಗುರುತೊಂದು ಊರು, ಮನೆ, ವರ್ಷ ಮೂರನ್ನೂ ಹೇಳಿಬಿಡುತ್ತದೆ. ನಾನು ಇದನ್ನು ಕಲಿತದ್ದು ಗ್ರಂಥಾಲಯದಲ್ಲಿ, ಫೆಲೋಶಿಪ್ಪಿನ ದುಡ್ಡಿನಲ್ಲಿ, ಸುಮಾರು ಒಂದು ವರ್ಷದಲ್ಲಿ.

ಚಿಂತಾಮಣಿಯ ಆ ಅಂಗಡಿಯಲ್ಲಿ ಎಲ್ಲವೂ ತೂಕಕ್ಕೆ ಬರುತ್ತದೆ, ತೂಕಕ್ಕೆ ಹೋಗುತ್ತದೆ. ಕಬ್ಬಿಣ, ಹಿತ್ತಾಳೆ, ಹಳೆಯ ಪೇಪರು, ಒಡೆದ ಫ್ಯಾನು. ಹಿಂದೆ ಕುರ್ಚಿ ಹಾಕಿಕೊಂಡು ಕೂತ ಹಿರಿಯರನ್ನು ಎಲ್ಲರೂ ಭಾಯ್ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ತುಕ್ಕು ಹಿಡಿದ ಬೀಗಗಳ ಡಬ್ಬಿಯೊಳಗೆ ಪೈಪು ಇತ್ತು. 'ಕೆ.ಜಿ.ಎಫ್. ಕಡೆ ಬಂಗಲೆ ಸಾಮಾನು, ಒಂದೇ ಲೋಡಲ್ಲಿ ಬಂತು' ಎಂದರು. ಗಣಿ ಮುಚ್ಚಿದ್ದು 2001ರಲ್ಲಿ. ಅಲ್ಲಿನ ಮನೆಗಳ ಸಾಮಾನು ಈಗಲೂ ಹೀಗೆ ಕೈಯಿಂದ ಕೈಗೆ ಸಾಗುತ್ತಲೇ ಇದೆ. ಕತ್ತಿನ ಪಟ್ಟಿ ಮಸಿಯಂತೆ ಕಪ್ಪಾಗಿತ್ತು. ಹೆಬ್ಬೆರಳಿನಿಂದ ಉಜ್ಜಿದೆ. ಸಿಂಹ ಕಂಡಿತು. ಇನ್ನಷ್ಟು ಉಜ್ಜಿದಾಗ ಚಿರತೆಯ ಮುಖ, ಬಾರ್ಲಿಂಗರ ಮುದ್ರೆ, ಸಣ್ಣ ಅಕ್ಷರದ 'ಕೆ'. ಅಂದರೆ 1925. ಎದೆ ಹೊಡೆದುಕೊಳ್ಳತೊಡಗಿತು. ಮುಖದಲ್ಲಿ ಅದು ಕಾಣಬಾರದೆಂದು ಪೈಪನ್ನು ಡಬ್ಬಿಗೆ ಹಾಕಿ, ಒಂದು ಬೀಗ ಎತ್ತಿಕೊಂಡು ನೋಡಿದೆ. ಬೀಗ ನನಗೆ ಬೇಕಿರಲಿಲ್ಲ.

'ಏನಾದ್ರೂ ಬೆಲೆ ಬಾಳೋದಾ ಅದು?' ಎಂದು ಭಾಯ್ ಕೇಳಿದರು.

'ಏನೋ ಹಳೇದು ಭಾಯ್. ತುದಿಯೆಲ್ಲ ಹಲ್ಲು ಕಚ್ಚಿ ಹಾಳಾಗಿದೆ' ಎಂದೆ.

ಎರಡು ವಾಕ್ಯ. ಎರಡರಲ್ಲೂ ಒಂದಕ್ಷರ ಸುಳ್ಳಿಲ್ಲ. ಪೈಪು ಹಳೆಯದೇ. ಗಟ್ಟಿ ರಬ್ಬರಿನ ಬಾಯ್ತುದಿಯಲ್ಲಿ ಯಾರದೋ ಹಲ್ಲಿನ ಗುಳಿಗಳಿದ್ದದ್ದೂ ನಿಜವೇ.

ಈ ಕತೆಯನ್ನು ಊರಲ್ಲಿ ನಗುತ್ತಾ ಹೇಳಿದೆ. ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿ, ರೇಷ್ಮೆ ಹುಳು ಸಾಕುವ ಮನೆ. ಅಪ್ಪ ಚಂದ್ರಂಕಿ ಬಿಸಿಲಿಗೆ ಒರಗಿಸುತ್ತಾ ಪೂರ್ತಿ ಕೇಳಿಸಿಕೊಂಡರು. ಕೊನೆಗೆ, 'ಗೂಡಿನ ವ್ಯಾಪಾರದೋನು ತಾತನ ಹತ್ರ ಹಿಂಗೇ ಮಾತಾಡ್ತಿದ್ದ' ಎಂದು ಹೇಳಿ ಒಳಗೆ ಹೋದರು.

ಆ ಮಾತಿನ ಹಿಂದಿನ ಕತೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ರೇಷ್ಮೆ ಗೂಡನ್ನು ಸರ್ಕಾರಿ ಮಾರುಕಟ್ಟೆಯಲ್ಲಿಯೇ ಹರಾಜಿನಲ್ಲಿ ಮಾರಬೇಕು ಎಂಬ ಕಾಯ್ದೆ ನಮ್ಮಲ್ಲಿ 1959ರಲ್ಲೇ ಬಂದಿತ್ತು. ಆದರೆ ಕಾಯ್ದೆ ಬಂದ ಮೇಲೂ ಮನೆ ಬಾಗಿಲಿಗೆ ಬಂದು ಗೂಡು ಕೊಳ್ಳುವವರು ಇದ್ದರು. ಗೂಡು ಬಿಡಿಸಿದ ಮೇಲೆ ಹೆಚ್ಚು ದಿನ ಇಡುವಂತಿಲ್ಲ. ಚಿಟ್ಟೆ ಹೊರಗೆ ಬಂದರೆ ಗೂಡು ತೂತಾಗಿ ನೂಲಿಗೆ ಬಾರದು. ಗಾಡಿ ಇಲ್ಲ, ಕೈಯಲ್ಲಿ ಕಾಸಿಲ್ಲ, ಮನೆಯಲ್ಲಿ ಯಾರಿಗೋ ಜ್ವರ. ಆ ಹೊತ್ತಿಗೆ ಸರಿಯಾಗಿ ಅವನು ಬರುತ್ತಿದ್ದ. ಒಂದು ಗೂಡು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದ, ಬೆರಳಲ್ಲಿ ಒತ್ತುತ್ತಿದ್ದ, ಮುಖ ಸಪ್ಪೆ ಮಾಡುತ್ತಿದ್ದ. ಎಷ್ಟು ಕಿಲೋ ಗೂಡಿಗೆ ಒಂದು ಕಿಲೋ ನೂಲು ಬರುತ್ತದೆ ಎಂಬುದು ಅವನ ಬೆರಳಿಗೆ ಗೊತ್ತಿತ್ತು. ಅವತ್ತು ಶಿಡ್ಲಘಟ್ಟದಲ್ಲಿ ರೇಟು ಎಷ್ಟಾಗಿದೆ ಎಂಬುದೂ ಗೊತ್ತಿತ್ತು. ತಾತನಿಗೆ ಎರಡೂ ಗೊತ್ತಿರಲಿಲ್ಲ. 'ಪೇಟೆ ಹೆಂಗೈತಪ್ಪಾ?' ಎಂದು ತಾತ ಕೇಳಿದರೆ, 'ಪೇಟೇದೇನ್ ಕೇಳ್ತೀರ, ದಿನಕ್ಕೊಂದ್ ಥರ' ಎನ್ನುತ್ತಿದ್ದನಂತೆ. ಅದರಲ್ಲೂ ಸುಳ್ಳಿಲ್ಲ. ಪೇಟೆ ದಿನಕ್ಕೊಂದು ಥರವೇ. ಮಾರಿದ ಮಾರನೆಯ ದಿನ ಅವತ್ತಿನ ರೇಟು ಯಾರೋ ಹೇಳಿದಾಗ ತಾತ ಊಟ ಬಿಟ್ಟು ಕೂತಿದ್ದರೆಂದು ಅಜ್ಜಿ ಹೇಳುತ್ತಿದ್ದರು. ಅವನ ಹೆಸರು ಎತ್ತಿದರೆ ಇಂದಿಗೂ ಮನೆಯಲ್ಲಿ ಯಾರೂ ಒಳ್ಳೆಯ ಮಾತಾಡುವುದಿಲ್ಲ.

ಅವನು ಮೋಸಗಾರ, ನಾನು ಅದೃಷ್ಟವಂತ. ಇದು ಹೇಗೆ? ಈ ಪ್ರಶ್ನೆ ಹಿಡಿದುಕೊಂಡು ಹಾಸ್ಟೆಲಿಗೆ ವಾಪಸಾದೆ. ಸಂಶೋಧನಾ ವಿದ್ಯಾರ್ಥಿಗಳಿಗೆ ಮನಸ್ಸು ಕೆಟ್ಟಾಗ ಮಾಡಲು ಬರುವ ಕೆಲಸ ಒಂದೇ, ಓದುವುದು. ನನ್ನನ್ನು ನಿರ್ದೋಷಿ ಎನ್ನುವ ಯಾರಾದರೂ ಸಿಗಬಹುದೆಂದು ಓದಿದೆ. ಸಿಕ್ಕರು ಕೂಡ.

ಮೊದಲು ಸಿಕ್ಕಿದ್ದು, ವಿಚಿತ್ರವೆಂದರೆ, ತಂಬಾಕಿನದೇ ಒಂದು ಮೊಕದ್ದಮೆ. 1815ರ ಫೆಬ್ರವರಿ, ಅಮೆರಿಕದ ನ್ಯೂ ಓರ್ಲಿಯನ್ಸ್. ಬ್ರಿಟನ್ನಿನ ಜೊತೆ ಯುದ್ಧ ನಡೆದು ಬಂದರು ಕಟ್ಟಿಹೋಗಿತ್ತು, ತಂಬಾಕು ಕೇಳುವವರಿರಲಿಲ್ಲ. ಶಾಂತಿ ಒಪ್ಪಂದವಾದ ಸುದ್ದಿ ಆರ್ಗನ್ ಎಂಬ ವ್ಯಾಪಾರಿಗೆ ಊರಿಗೆಲ್ಲ ತಿಳಿಯುವ ಸ್ವಲ್ಪ ಮೊದಲು ತಿಳಿಯಿತು. ಬೆಳಗ್ಗೆ ಸೂರ್ಯ ಹುಟ್ಟಿದ ಹೊತ್ತಿಗೇ ಹೋಗಿ ಲೇಡ್‌ಲಾ ಎಂಬವರ ಸಂಸ್ಥೆಯಿಂದ 111 ಪೀಪಾಯಿ ತಂಬಾಕು ಕೊಂಡ. ಬೆಲೆ ಏರುವಂಥ ಸುದ್ದಿ ಏನಾದರೂ ಇದೆಯೇ ಎಂದು ಮಾರುವವರ ಕಡೆಯವನು ಕೇಳಿದನಂತೆ. ಆರ್ಗನ್ ಸುಮ್ಮನಿದ್ದ. ಸುದ್ದಿ ಹರಡಿದ ಮೇಲೆ ಬೆಲೆ ಶೇಕಡಾ 30ರಿಂದ 50ರಷ್ಟು ಏರಿತು. ಜಗಳ ಸುಪ್ರೀಂ ಕೋರ್ಟಿಗೆ ಹೋಯಿತು. 1817ರಲ್ಲಿ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್, ತನಗೆ ಮಾತ್ರ ತಿಳಿದ ಹೊರಗಿನ ಸಂಗತಿಯನ್ನು ಕೊಳ್ಳುವವನು ಮಾರುವವನಿಗೆ ಹೇಳಲೇಬೇಕೆಂದಿಲ್ಲ ಎಂದರು. ನಮ್ಮ 1872ರ ಕರಾರು ಕಾಯ್ದೆಯೂ ಹೆಚ್ಚುಕಡಿಮೆ ಇದೇ ದಾರಿಯಲ್ಲಿದೆ. ಅದರ 17ನೆಯ ಸೆಕ್ಷನ್ನಿನ ಪ್ರಕಾರ ಬರಿಯ ಮೌನ ವಂಚನೆಯಲ್ಲ. ಬೆಲೆ ಬದಲಾಗುವ ಗುಟ್ಟು ತಿಳಿದ ವ್ಯಾಪಾರಿ ಇನ್ನೊಬ್ಬ ವ್ಯಾಪಾರಿಗೆ ಅದನ್ನು ತಿಳಿಸಬೇಕಾಗಿಲ್ಲ ಎಂಬ ಉದಾಹರಣೆಯೂ ಅಲ್ಲಿದೆ.

ಇಷ್ಟಕ್ಕೇ ಪುಸ್ತಕ ಮುಚ್ಚಬಹುದಿತ್ತು. ಆದರೆ ಮಾರ್ಷಲ್ ಅದೇ ತೀರ್ಪಿನಲ್ಲಿ ಇನ್ನೊಂದು ಮಾತು ಸೇರಿಸಿದ್ದಾರೆ. ಎದುರಿನವರನ್ನು ದಾರಿ ತಪ್ಪಿಸುವಂಥ ಏನನ್ನೂ ಹೇಳಬಾರದು, ಮಾಡಲೂಬಾರದು. ನಮ್ಮ ಕಾಯ್ದೆಯಲ್ಲೂ ಇನ್ನೊಂದು ಉದಾಹರಣೆಯಿದೆ. ಕುದುರೆ ಕೊಳ್ಳುವವನು 'ನೀನು ಇಲ್ಲ ಅನ್ನದಿದ್ದರೆ ಕುದುರೆ ಆರೋಗ್ಯವಾಗಿದೆ ಅಂದುಕೊಳ್ಳುತ್ತೇನೆ' ಎಂದಾಗ ಮಾರುವವನು ಸುಮ್ಮನಿದ್ದರೆ, ಆ ಮೌನ ಮಾತಿಗೆ ಸಮ. ಭಾಯ್ ನನ್ನನ್ನು ಕೇಳಿದ್ದರು. ನಾನು ಬರೀ ಸುಮ್ಮನಿರಲೂ ಇಲ್ಲ. ಪೈಪನ್ನು ಡಬ್ಬಿಗೆ ಹಾಕಿದೆ, ಬೇಡದ ಬೀಗ ಎತ್ತಿಕೊಂಡೆ, ಹಲ್ಲಿನ ಗುರುತು ತೋರಿಸಿದೆ, ಚೌಕಾಸಿ ಮಾಡಿದೆ. ಹಾಗೆ ನೋಡಿದರೆ ಚೌಕಾಸಿಯೇ ಅತಿ ದೊಡ್ಡ ಸುಳ್ಳು. 300 ಕೊಟ್ಟಿದ್ದರೆ ಭಾಯ್‌ಗೆ ಅನುಮಾನ ಬರುತ್ತಿತ್ತೇನೋ. 200ಕ್ಕೆ ಇಳಿಸಿ, ಇದು ಅಷ್ಟು ಬಾಳುವುದಿಲ್ಲ ಎಂದು ನಂಬಿಸಿದೆ.

ಎರಡನೆಯದಾಗಿ ಸಿಕ್ಕವನು ಸಿಸೆರೊ. ಅಥೆನ್ಸಿನಲ್ಲಿ ಓದುತ್ತಿದ್ದ ಮಗನಿಗಾಗಿ ಕ್ರಿ.ಪೂ. 44ರಲ್ಲಿ ಬರೆದ ಕರ್ತವ್ಯಗಳ ಕುರಿತ ಪುಸ್ತಕದಲ್ಲಿ ಅವನು ಒಂದು ಪ್ರಸಂಗ ಇಡುತ್ತಾನೆ. ರೋಡ್ಸ್ ದ್ವೀಪದಲ್ಲಿ ಬರ. ಅಲೆಕ್ಸಾಂಡ್ರಿಯಾದಿಂದ ಒಬ್ಬ ಧಾನ್ಯದ ಹಡಗು ತಂದಿದ್ದಾನೆ. ಹಿಂದೆ ಇನ್ನಷ್ಟು ಹಡಗುಗಳು ಬರುತ್ತಿವೆ ಎಂಬುದು ಅವನಿಗೊಬ್ಬನಿಗೇ ಗೊತ್ತು. ಹೇಳಬೇಕೇ, ಸುಮ್ಮನಿದ್ದು ಹೆಚ್ಚಿನ ಬೆಲೆಗೆ ಮಾರಬೇಕೇ? ಡಯೋಜಿನಿಸ್ ಎಂಬ ಸ್ಟೋಯಿಕ್ ತತ್ತ್ವಜ್ಞಾನಿಯ ಪ್ರಕಾರ ಹೇಳದಿರುವುದು ಬೇರೆ, ಬಚ್ಚಿಡುವುದು ಬೇರೆ. ಅವನ ಶಿಷ್ಯ ಆಂಟಿಪೇಟರ್ ಹೇಳಲೇಬೇಕು ಎನ್ನುತ್ತಾನೆ. ಸಿಸೆರೊ ಶಿಷ್ಯನ ಕಡೆ. ತಿಳಿದರೆ ಎದುರಿನವರಿಗೆ ಒಳಿತಾಗುವ ಸಂಗತಿಯನ್ನು ನಿನ್ನ ಲಾಭಕ್ಕಾಗಿ ಅವರಿಗೆ ತಿಳಿಯದಂತೆ ಇಡಲು ಬಯಸಿದರೆ ಅದೇ ಬಚ್ಚಿಡುವುದು ಎಂಬುದು ಅವನ ವಿವರಣೆ. ಅದೇ ಪುಸ್ತಕದಲ್ಲಿ ಸ್ಕೇವೋಲಾ ಎಂಬವನೊಬ್ಬ ಬರುತ್ತಾನೆ. ಜಮೀನು ಕೊಳ್ಳಲು ಹೋಗಿ, ಒಂದೇ ಬೆಲೆ ಹೇಳಿ ಎಂದು ಕೇಳಿ, ಹೇಳಿದ ಮೇಲೆ, ಇದು ಅದಕ್ಕಿಂತ ಹೆಚ್ಚು ಬಾಳುತ್ತದೆ ಎಂದು ಒಂದು ಲಕ್ಷ ನಾಣ್ಯ ಸೇರಿಸಿ ಕೊಟ್ಟನಂತೆ. ಇದು ಒಳ್ಳೆಯವನು ಮಾಡುವ ಕೆಲಸವೆಂದು ಎಲ್ಲರೂ ಒಪ್ಪುತ್ತಾರೆ, ಜಾಣ ಮಾಡುವ ಕೆಲಸವೆಂದು ಮಾತ್ರ ಒಪ್ಪುವುದಿಲ್ಲ ಎಂದು ಸಿಸೆರೊ ಬೇಸರಪಡುತ್ತಾನೆ. ಒಳ್ಳೆಯತನ ಒಂದು ಕಡೆ, ಜಾಣತನ ಇನ್ನೊಂದು ಕಡೆ ಆದದ್ದೇ ಕೇಡು ಎಂಬುದು ಅವನ ದೂರು.

ಇಲ್ಲಿ ಒಂದು ಆಕ್ಷೇಪಣೆಗೆ ಉತ್ತರ ಹೇಳಲೇಬೇಕು. ಎಲ್ಲ ವ್ಯಾಪಾರದಲ್ಲೂ ಒಬ್ಬರಿಗೆ ಹೆಚ್ಚು, ಒಬ್ಬರಿಗೆ ಕಡಿಮೆ ಗೊತ್ತಿರುತ್ತದೆ. ಹಾಗೆಂದು ಎಲ್ಲರೂ ಎಲ್ಲವನ್ನೂ ಹೇಳುತ್ತಾ ಕೂತರೆ ಸಂತೆ ನಡೆಯುತ್ತದೆಯೇ? ನಮ್ಮ ಕಡೆಯ ದನದ ಜಾತ್ರೆಗಳನ್ನು ನೋಡಿ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುತ್ತಾರೆ, ಪಕ್ಕದವರಿಗೂ ತಿಳಿಯುವುದಿಲ್ಲ. ಅದನ್ನು ಯಾರೂ ಮೋಸ ಎನ್ನುವುದಿಲ್ಲ. ನಾನೂ ಅನ್ನುವುದಿಲ್ಲ. ಯಾಕೆಂದರೆ ಅಲ್ಲಿ ಗುಟ್ಟಾಗಿರುವುದು ಬೆಲೆ ಮಾತ್ರ, ಎತ್ತು ಬಯಲಲ್ಲೇ ನಿಂತಿರುತ್ತದೆ. ಹಲ್ಲು ಬಿಡಿಸಿ ವಯಸ್ಸು ಹೇಳಲು ಕೊಳ್ಳುವವನಿಗೂ ಬರುತ್ತದೆ, ಮಾರುವವನಿಗೂ ಬರುತ್ತದೆ. ಇಬ್ಬರೂ ಬಲ್ಲವರೇ.

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಇದು ಇನ್ನೂ ಸ್ಪಷ್ಟ. ರೈತ ಲಾಟು ಸುರಿಯುತ್ತಾನೆ. ರೀಲರ್‌ಗಳು ಬಂದು ಕೈಯಾಡಿಸಿ ನೋಡುತ್ತಾರೆ. ಮೊದಲು ಕೂಗಿ ಹರಾಜು ಮಾಡುತ್ತಿದ್ದರು, ಈಗ ಇ-ಹರಾಜು. ಯಾವ ರೀಲರೂ ರೈತನ ಹತ್ತಿರ ಬಂದು 'ಗೂಡು ತುಂಬಾ ಚೆನ್ನಾಗಿದೆ, ಹೆಚ್ಚು ಕೇಳು' ಎನ್ನುವುದಿಲ್ಲ. ಎಲ್ಲರೂ ಬಾಯಿ ಮುಚ್ಚಿಕೊಂಡೇ ಇರುತ್ತಾರೆ. ಆದರೂ ರೈತನಿಗೆ ಬೆಲೆ ಸಿಗುತ್ತದೆ. ಒಬ್ಬ ಸುಮ್ಮನಿದ್ದು ಕಡಿಮೆಗೆ ಹೊಡೆಯಲು ನೋಡಿದರೆ, ಅಷ್ಟೇ ಬಲ್ಲ ಇನ್ನೊಬ್ಬ ಹತ್ತು ರೂಪಾಯಿ ಹೆಚ್ಚು ಕೂಗುತ್ತಾನೆ. 1959ರ ಕಾಯ್ದೆ ಯಾರನ್ನೂ ಸತ್ಯವಂತರನ್ನಾಗಿ ಮಾಡಲು ಹೋಗಲಿಲ್ಲ. ಬಲ್ಲವರನ್ನು ಒಂದೇ ಸೂರಿನಡಿ ಒಬ್ಬರ ಮೇಲೊಬ್ಬರು ಕೂಗುವಂತೆ ನಿಲ್ಲಿಸಿತು. ಹತ್ತು ಮಂದಿ ಬಲ್ಲವರಿರುವ ಕಡೆ ಒಬ್ಬನ ಮೌನದಿಂದ ಯಾರಿಗೂ ನಷ್ಟವಿಲ್ಲ. ಒಬ್ಬನೇ ಬಲ್ಲವನಿರುವ ಕಡೆ ಬೆಲೆಯೆಲ್ಲ ನಿಂತಿರುವುದು ಅವನ ಮೌನದ ಮೇಲೆ. ನಮ್ಮ ತಾತನ ಹಟ್ಟಿಯಲ್ಲಿ ಬಲ್ಲವನು ಒಬ್ಬನೇ ಇದ್ದ. ಚಿಂತಾಮಣಿಯ ಗುಜರಿ ಅಂಗಡಿಯಲ್ಲೂ ಒಬ್ಬನೇ ಇದ್ದ.

ಇನ್ನೂ ಒಂದು ವಾದ ಉಳಿಯಿತು. ಕಾನೂನು ಪಂಡಿತ ಆಂಟನಿ ಕ್ರಾನ್‌ಮನ್ 1978ರಲ್ಲಿ ಬರೆದ ಲೇಖನವೊಂದರಲ್ಲಿ ಇದು ಬರುತ್ತದೆ. ಆಕಸ್ಮಿಕವಾಗಿ ಕಿವಿಗೆ ಬಿದ್ದ ಸುದ್ದಿ ಬೇರೆ, ಶ್ರಮಪಟ್ಟು ಸಂಪಾದಿಸಿದ ತಿಳಿವಳಿಕೆ ಬೇರೆ. ಎರಡನೆಯದನ್ನು ಬಿಟ್ಟಿಯಾಗಿ ಹಂಚಬೇಕು ಎಂದರೆ ಯಾರೂ ಶ್ರಮಪಟ್ಟು ಕಲಿಯುವುದಿಲ್ಲ. ಇದು ನನಗೆ ತುಂಬಾ ಹಿಡಿಸಿತು. ಮುದ್ರೆ ಓದಲು ನಾನು ಒಂದು ವರ್ಷ ಕಷ್ಟಪಟ್ಟಿದ್ದೇನೆ, 14,800 ರೂಪಾಯಿ ಅದರ ಕೂಲಿ ಎಂದು ಲೆಕ್ಕ ಹಾಕಿಕೊಂಡೆ. ಕೆಲವು ದಿನ ಆ ಲೆಕ್ಕದಲ್ಲಿ ನೆಮ್ಮದಿಯಾಗಿದ್ದೆ.

ಆದರೆ ಆ ವರ್ಷ ಯಾರದು? ನಾನು ಪದವಿ ಓದಿದ್ದು ಗೌರಿಬಿದನೂರಿನ ನ್ಯಾಷನಲ್ ಕಾಲೇಜಿನಲ್ಲಿ. ಅದನ್ನು ಕಟ್ಟಿದವರು ಎಚ್. ನರಸಿಂಹಯ್ಯ. ಅದೇ ತಾಲ್ಲೂಕಿನ ಹೊಸೂರಿನ ಬಡ ಮನೆಯಲ್ಲಿ 1920ರಲ್ಲಿ ಹುಟ್ಟಿ, ಓದಲು ಬೆಂಗಳೂರಿಗೆ ನಡೆದುಕೊಂಡು ಹೋದವರು. ಅಮೆರಿಕದಲ್ಲಿ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಬಂದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಬದುಕಿದ್ದು ಮಾತ್ರ ಹಾಸ್ಟೆಲಿನ ಒಂದು ಕೋಣೆಯಲ್ಲಿ. ತಮ್ಮ ವಿದ್ಯೆಗೆ ಅವರು ಕೂಲಿ ಕೇಳಿದ್ದರೆ ಗೌರಿಬಿದನೂರಿನಲ್ಲಿ, ಬಾಗೇಪಲ್ಲಿಯಲ್ಲಿ ಕಾಲೇಜು ಇರುತ್ತಿರಲಿಲ್ಲ. ನಾನು ರೇಷ್ಮೆ ಹುಳುವಿಗೆ ಸೊಪ್ಪು ಹಾಕುತ್ತಾ ಇರುತ್ತಿದ್ದೆ. ಆಮೇಲಿನದು ಫೆಲೋಶಿಪ್. ಅದು ಸರ್ಕಾರದ ದುಡ್ಡು. ಭಾಯ್ ಕೊಳ್ಳುವ ಟೀಪುಡಿಯ ಮೇಲಿನ ತೆರಿಗೆಯೂ ಅದರಲ್ಲಿ ಸೇರಿದೆ. ನನ್ನ ಕಷ್ಟ ನನ್ನದೇ, ನಿಜ. ಆದರೆ ಆ ಕಷ್ಟಪಡಲು ನನಗೆ ಬಿಡುವು ಮಾಡಿಕೊಟ್ಟವರ ಪಟ್ಟಿಯಲ್ಲಿ ನಾನು ಯಾರ ಎದುರಿಗೆ ಸುಮ್ಮನಿದ್ದೆನೋ ಅವರೂ ಇದ್ದಾರೆ.

ಎರಡು ತಿಂಗಳ ನಂತರ ಪೈಪು ಚೀಲದಲ್ಲಿಟ್ಟುಕೊಂಡು ಚಿಂತಾಮಣಿಗೆ ಹೋದೆ. ಬಸ್ಸಿನಲ್ಲಿ ಮಾತು ಜೋಡಿಸಿಕೊಂಡಿದ್ದೆ. ಬೇಕಾದರೆ ಪೈಪು ವಾಪಸ್ ತೆಗೆದುಕೊಳ್ಳಿ, ಇಲ್ಲದಿದ್ದರೆ ಫೆಲೋಶಿಪ್ ಬಂದ ಹಾಗೆ ಕಂತಿನಲ್ಲಿ ಅರ್ಧ ಬೆಲೆ ಕೊಡುತ್ತೇನೆ. ಹೇಳಿದೆ. ಭಾಯ್ ಮೊದಲು ನಕ್ಕರು. ಆಮೇಲೆ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು.

'ಕೊಟ್ಟ ಸಾಮಾನು ವಾಪಸ್ ತಗೊಳ್ಳೋ ಪದ್ಧತಿ ನಮ್ಮಲ್ಲಿಲ್ಲ' ಎಂದರು. 'ದುಡ್ಡೂ ಬೇಡ. ಆ ಬಂಗಲೆಯವ್ರು ತೂಕಕ್ಕೆ ಕೊಟ್ರು, ನಾನು ತೂಕಕ್ಕೆ ತಗೊಂಡೆ. ಅದ್ರಲ್ಲಿ ಹಿತ್ತಾಳೆ ಎಷ್ಟೈತೆ ಅಂತ ನಂಗೊತ್ತಿತ್ತು, ಅವ್ರಿಗೆ ಗೊತ್ತಿರ್ಲಿಲ್ಲ. ನಾನೇನ್ ಹೇಳಿದ್ನಾ?'

ಮಹಾಭಾರತದ ಶಾಂತಿಪರ್ವದಲ್ಲಿ ತುಲಾಧಾರ ಎಂಬ ವ್ಯಾಪಾರಿ ಬರುತ್ತಾನೆ. ಜಟೆಯಲ್ಲಿ ಹಕ್ಕಿ ಗೂಡು ಕಟ್ಟುವಷ್ಟು ತಪಸ್ಸು ಮಾಡಿದ ಜಾಜಲಿ ಧರ್ಮ ತಿಳಿಯಲು ಅವನ ಅಂಗಡಿಗೆ ಹೋಗಬೇಕಾಗುತ್ತದೆ. ತನ್ನ ತಕ್ಕಡಿ ಎಲ್ಲರಿಗೂ ಸಮ ಎನ್ನುವುದೇ ತುಲಾಧಾರನ ಧರ್ಮ. ಭಾಯ್ ತಕ್ಕಡಿಯೂ ಸಮವಾಗಿಯೇ ಇತ್ತು. ಅದಕ್ಕೆ ತೂಗಲು ಬರುತ್ತಿದ್ದದ್ದು ತೂಕವನ್ನು ಮಾತ್ರ. ಅವರು ಯಾರಿಗೂ ಒಂದು ಗ್ರಾಂ ಕಡಿಮೆ ತೂಗಿದವರಲ್ಲ. ಆದರೂ ಎಲ್ಲೋ ಗುಡ್ಡದಲ್ಲಿ ಬ್ರಯರ್ ಗಂಟು ಅಗೆದವನಿಂದ ಹಿಡಿದು ಬಂಗಲೆಯವರ ತನಕ ಈ ಪೈಪು ದಾಟಿದ ಕೈಗಳಲ್ಲಿ ಎಷ್ಟು ಕಡೆ ಹೀಗೆ ಬಲ್ಲವರು ಸುಮ್ಮನಿದ್ದರೋ. ಆ ಸರಪಳಿಯನ್ನೆಲ್ಲ ಹಿಂದಕ್ಕೆ ಹೋಗಿ ಸರಿ ಮಾಡಲು ನನ್ನಿಂದಾಗದು. ಬಂಗಲೆಯವರು ಯಾರೆಂದು ಭಾಯ್‌ಗೇ ನೆನಪಿಲ್ಲ. ನನ್ನ ಕೈಗೆ ಸಿಗುವುದು ನನ್ನ ಕೊಂಡಿ ಒಂದೇ.

ಹಾಗೆ ಯೋಚಿಸುತ್ತಿರುವಾಗ ಭಾಯ್ ಅಂದರು, 'ಒಂದ್ ಕೆಲ್ಸ ಮಾಡು. ಆ ಗುರುತು ಓದೋದು ಹೆಂಗೆ ಅಂತ ತೋರಿಸ್ಕೊಡು.'

ನಿಜ ಹೇಳುತ್ತೇನೆ. ದುಡ್ಡು ಕೊಡಲು ತಯಾರಾಗಿ ಹೋಗಿದ್ದ ನಾನು ಈ ಮಾತಿಗೆ ತಯಾರಿರಲಿಲ್ಲ. ಬಾಯಿ ಕಟ್ಟಿತು. ಇವರಿಗೆ ಕಲಿಸಿದರೆ ಮುಂದೆ ಬರುವ ಯಾವ ಪೈಪೂ ನನಗೆ 200ಕ್ಕೆ ಸಿಗುವುದಿಲ್ಲ ಎಂಬುದು ಮೊದಲು ಬಂದ ಯೋಚನೆ. ದುಡ್ಡು ಕೊಟ್ಟಿದ್ದರೆ ಆ ಒಂದು ಪೈಪಿನ ಲೆಕ್ಕ ಚುಕ್ತಾ ಆಗುತ್ತಿತ್ತು, ನಾನು ಮಾತ್ರ ಬಲ್ಲವನಾಗಿಯೇ ಉಳಿಯುತ್ತಿದ್ದೆ. ಒಳ್ಳೆಯವನು ಎಂಬ ಹೆಸರೂ ಬರುತ್ತಿತ್ತು. ಸ್ಕೇವೋಲಾ ಕೂಡ ಒಂದು ಲಕ್ಷ ಸೇರಿಸಿ ಕೊಟ್ಟ, ನಿಜ. ಭೂಮಿಗೆ ಬೆಲೆ ಕಟ್ಟುವುದು ಹೇಗೆಂದು ಮಾರುವವನಿಗೆ ಕಲಿಸಿದನೇ? ಸಿಸೆರೊ ಅದನ್ನು ಹೇಳುವುದಿಲ್ಲ. ಭಾಯ್ ಕೇಳಿದ್ದು ನನ್ನ ದುಡ್ಡನ್ನಲ್ಲ, ನನ್ನ ಮೇಲುಗೈಯನ್ನು. ಬಿಟ್ಟುಕೊಡಲು ಕಷ್ಟವಾದದ್ದು ಅದು.

ತಾತನ ಮನೆ ಬಾಗಿಲಿಗೆ ಬರುತ್ತಿದ್ದ ವ್ಯಾಪಾರಿ ಒಂದು ದಿನ ಮನಸ್ಸು ಕರಗಿ ನೂರು ರೂಪಾಯಿ ಹೆಚ್ಚು ಕೊಟ್ಟಿದ್ದರೆ ತಾತ ಕೈ ಮುಗಿಯುತ್ತಿದ್ದರು. ಮುಂದಿನ ಬೆಳೆಗೆ ಮತ್ತೆ ಅವನನ್ನೇ ಕಾಯುತ್ತಿದ್ದರು. ಗೂಡು ಒತ್ತಿ ನೂಲು ಹೇಳುವುದನ್ನು ಕಲಿಸಿದ್ದರೆ ಕಾಯಬೇಕಾಗಿರಲಿಲ್ಲ.

ಅವತ್ತು ಮಧ್ಯಾಹ್ನ ಭೂತಗನ್ನಡಿ ಹಿಡಿದು ಕೂತೆವು. ಸಿಂಹ, ಚಿರತೆ, ಲಂಗರು. ಅಕ್ಷರದ ವರ್ಷಗಳನ್ನು ಅವರ ಲೆಕ್ಕದ ಪುಸ್ತಕದ ಹಿಂದೆ ಬರೆದುಕೊಟ್ಟೆ. ಇಂಗ್ಲಿಷ್ ಅಕ್ಷರ ಅವರಿಗೆ ಅಷ್ಟಕ್ಕಷ್ಟೇ, ಆದರೆ ಗುರುತು ನೋಡುವ ಕಣ್ಣು ನನಗಿಂತ ಚುರುಕು. ಹಿತ್ತಾಳೆಯಲ್ಲಿ ನೂರು ಬಗೆ ಕಂಡ ಕಣ್ಣು ಅದು. ಎರಡು ಗಂಟೆಯಲ್ಲಿ ಕಲಿತರು. ನನಗೆ ಒಂದು ವರ್ಷ ಹಿಡಿದಿತ್ತು.

ನಾಲ್ಕು ತಿಂಗಳ ಮೇಲೆ ಫೋನ್ ಮಾಡಿದರು. 'ಇನ್ನೊಂದು ಬಂದೈತೆ. ಗುರುತೈತೆ. ಮೂರು ಸಾವಿರ' ಎಂದರು. ಹೋದೆ. ಚೆಂದದ ಪೈಪು, ಕತ್ತಿಗೆ ಬಿಳಿ ಪಟ್ಟಿ, ಮೇಲೆ ಸಾಲಾಗಿ ಮುದ್ರೆಗಳು. ಭೂತಗನ್ನಡಿಯಲ್ಲಿ ನೋಡಿದೆ. ಅವು ಹಾಲ್‌ಮಾರ್ಕಿನಂತೆ ಕಾಣಲೆಂದೇ ಒತ್ತಿದ ಗುರುತುಗಳು. ನಡುವೆ 'ಇ.ಪಿ.' ಎಂಬ ಅಕ್ಷರ. ಬರೀ ಬೆಳ್ಳಿ ನೀರು ಕುಡಿಸಿದ ಲೋಹ. ಅಗ್ಗದ ಪೈಪುಗಳಲ್ಲಿ ಇದು ಮಾಮೂಲು.

'ಇದು ಬೆಳ್ಳಿಯಲ್ಲ ಭಾಯ್. ಮುದ್ರೆ ನಕಲಿ. ಇನ್ನೂರು, ಮುನ್ನೂರು ಬಾಳಿದರೆ ಹೆಚ್ಚು' ಎಂದೆ.

ಅವರು ಪೈಪು ಇಸಿದುಕೊಂಡು ತಾವೇ ನೋಡಿದರು. ನಾನು ಹೇಳಿದ ಅಕ್ಷರ ಹುಡುಕಿ, ಕಂಡ ಮೇಲೆ ತಲೆಯಾಡಿಸಿದರು. ಆಮೇಲೆ ನನ್ನ ಮುಖ ನೋಡಿ, 'ಇವತ್ತು ಎಷ್ಟ್ ಬೇಗ ಹೇಳ್ಬಿಟ್ಟೆ ನೋಡು' ಎಂದರು.

ಅದು ಹೊಗಳಿಕೆಯೋ, ತಮಾಷೆಯೋ, ಅಥವಾ ಅವತ್ತಿನ ಬೀಗದ ಡಬ್ಬಿ ಅವರಿಗೆ ಚೆನ್ನಾಗಿ ನೆನಪಿತ್ತೋ, ಗೊತ್ತಾಗಲಿಲ್ಲ. ಬೆಲೆ ಇಳಿಸುವ ನಿಜ ಹೇಳಲು ನನಗೆ ಒಂದು ನಿಮಿಷವೂ ಬೇಕಾಗಿರಲಿಲ್ಲ. ಬೆಲೆ ಏರಿಸುವ ನಿಜ ಹೇಳಲು ಎರಡು ತಿಂಗಳು ಮತ್ತು ಅಪ್ಪನ ಒಂದು ಮಾತು ಬೇಕಾಗಿತ್ತು. ಉತ್ತರ ಹೊಳೆಯದೆ ಸುಮ್ಮನೆ ಕೂತೆ. ಭಾಯ್ ಎದುರಿನ ಅಂಗಡಿಗೆ ಕೈ ಎತ್ತಿ ಎರಡು ಟೀ ಹೇಳಿದರು. ದುಡ್ಡು ಕೊಡಲು ಹೋದೆ, ಬಿಡಲಿಲ್ಲ.